ಮುಳುಗಿದ ಊರಿನ ವಿಳಾಸ

ಹೊಳೆನರಸೀಪುರದಿಂದ ಪಿ.ಯು.ಸಿ. ಓದುತ್ತಿರುವ ಹುಡುಗಿಯೊಬ್ಬಳ ಪತ್ರ ಬಂದಿದೆ. ಕಾಲೇಜಿನಲ್ಲಿ ‘ನಮ್ಮ ಮನೆತನದ ಇತಿಹಾಸ’ ಎಂದು ಹತ್ತು ಪುಟ ಬರೆದು ತರಲು ಹೇಳಿದ್ದಾರಂತೆ. ತಂದೆಯ ಕಡೆಯದು ಸಲೀಸಾಗಿ ಆಯಿತು. ಊರು ಇದೆ, ಹೊಲ ಇದೆ, ಗೋಡೆಯ ಮೇಲೆ ಮುತ್ತಾತನ ಫೋಟೋ ಇದೆ. ತಾಯಿಯ ತಾಯಿಯ ತವರಿನ ವಿಷಯಕ್ಕೆ ಬಂದಾಗ ಬರವಣಿಗೆ ನಿಂತುಹೋಯಿತು. ಅಜ್ಜಿಯನ್ನು ಕೇಳಿದರೆ, “ನಮ್ಮೂರು ಎಲ್ಲೈತೆ ಕಣವ್ವ? ನೀರು ಕುಡ್ಕಂಬುಡ್ತು” ಎಂದರಂತೆ. ಮೊಬೈಲಿನ ನಕ್ಷೆ ತೆರೆದು ಗೊರೂರಿನ ಸುತ್ತ ಹುಡುಕಿದಳು. ನೀಲಿ ಬಣ್ಣ ಬಿಟ್ಟರೆ ಬೇರೇನೂ ಕಾಣಲಿಲ್ಲ. ಊರೇ ಇಲ್ಲದ ಮೇಲೆ ಇತಿಹಾಸ ಬರೆಯುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ಅವಳೊಬ್ಬಳದೇ ಅಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಜಲಾಶಯ ತುಂಬಿದರೆ 37 ಟಿ.ಎಂ.ಸಿ. ನೀರು, ಹರಡಿಕೊಳ್ಳುವುದು ಸುಮಾರು 8,500 ಹೆಕ್ಟೇರ್, ಅಂದರೆ 21 ಸಾವಿರ ಎಕರೆ. ಆ ನೀರಿನ ಅಡಿಯಲ್ಲಿ ಮನೆ, ಗದ್ದೆ, ಗುಂಡುತೋಪು, ದೇವರ ಗುಡಿ ಎಲ್ಲವೂ ಹೋದವು. ಹೊರಗಿನವರ ಕಣ್ಣಿಗೆ ಇಂದು ಉಳಿದಿರುವುದು ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳು ಮಾತ್ರ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಕಟ್ಟಡದ ಮುಂದೆ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಜನ ಬರುತ್ತಾರೆ. ಅದರ ಸುತ್ತ ಊರುಗಳಿದ್ದವು ಎಂದು ಕೇಳುವವರು ಕಡಿಮೆ. ಅಣೆಕಟ್ಟು ಮುಗಿದಾಗ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತೈದು ದಾಟಿದೆ. ಬೀದಿ ಬೀದಿಯನ್ನೂ ನೆನಪಿಟ್ಟುಕೊಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸವನ್ನು ಮುಂದಿನ ರಜಕ್ಕೆ ಎಂದು ಮುಂದೂಡುವ ಹಾಗಿಲ್ಲ.

ಹುಡುಗಿಗೆ ನಾನು ಬರೆದ ಮೊದಲ ಮಾತು ಇಷ್ಟೆ: ನೀನು ನೋಡಿದ ನೀಲಿ ಬಣ್ಣಕ್ಕೆ ಇನ್ನೂ ಐವತ್ತು ತುಂಬಿಲ್ಲ. ಅದಕ್ಕಿಂತ ಹಳೆಯ ನಕ್ಷೆಗಳಲ್ಲಿ ಆ ಕೆರೆಯಂಥ ಸಮುದ್ರವೇ ಇಲ್ಲ. ಅಲ್ಲಿ ಹೊಳೆ ತೆಳುವಾಗಿ ಹರಿಯುತ್ತದೆ, ಎರಡೂ ದಂಡೆಯ ಮೇಲೆ ಊರುಗಳು ಇರುತ್ತವೆ. ಆ ನಕ್ಷೆಯನ್ನು ಹುಡುಕು. ಆದರೆ ಅದಕ್ಕಿಂತ ಮೊದಲು ಅಜ್ಜಿಯ ಪಕ್ಕ ಕುಳಿತುಕೋ.

ಅಜ್ಜಿಯನ್ನು ‘ನಿಮ್ಮ ಊರಿನ ಇತಿಹಾಸ ಹೇಳಿ’ ಎಂದರೆ ಏನೂ ಹೊರಡುವುದಿಲ್ಲ. ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಯಾವ ಸಂತೆಗೆ ಹೋಗುತ್ತಿದ್ದಿರಿ, ನಡೆದೋ ಗಾಡಿಯಲ್ಲೋ, ಹೊಳೆ ದಾಟಬೇಕಿತ್ತೋ, ಹರಿಗೋಲು ಎಲ್ಲಿ ಸಿಗುತ್ತಿತ್ತು, ಬೆಳಗಿನ ಬಿಸಿಲು ಹೊಳೆಯ ಕಡೆಯಿಂದ ಬೀಳುತ್ತಿತ್ತೋ ಗುಡ್ಡದ ಕಡೆಯಿಂದಲೋ, ಕೆರೆಯ ಏರಿ ಮನೆಯ ಯಾವ ಮಗ್ಗುಲಿಗೆ, ಅಕ್ಕತಂಗಿಯರನ್ನು ಯಾವ ಯಾವ ಊರಿಗೆ ಕೊಟ್ಟರು, ಯಾವ ಊರಿನ ಜಾತ್ರೆಗೆ ನಡೆದುಕೊಂಡು ಹೋಗಿ ಅದೇ ದಿನ ಹಿಂದಿರುಗುತ್ತಿದ್ದಿರಿ - ಹೀಗೆ ಕೇಳಬೇಕು. ಇವು ಹರಟೆಯಂತೆ ಕಂಡರೂ ಪ್ರತಿಯೊಂದು ಉತ್ತರವೂ ನಕ್ಷೆಯ ಮೇಲೆ ಒಂದು ಗೆರೆ. ನಡೆದು ಹೋಗಿ ಬರುವ ಜಾತ್ರೆ ಎಂದರೆ ಐದಾರು ಮೈಲಿಯ ಒಳಗೆ. ಹೆಣ್ಣು ಕೊಟ್ಟು ತಂದ ಊರುಗಳೂ ಹೆಚ್ಚಾಗಿ ಎತ್ತಿನ ಗಾಡಿಯ ಒಂದು ದಿನದ ದಾರಿಯಲ್ಲೇ ಇರುತ್ತವೆ.

ಇನ್ನೊಂದು ಸುಳಿವು ನಮ್ಮ ಹೆಸರಿನ ಮುಂದೆಯೇ ಇದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ಕೂಗಿದರೂ ಯೋಚಿಸುವುದಿಲ್ಲ. ಹಳೆಯ ಮೈಸೂರಿನ ಕಡೆ ಇನಿಷಿಯಲ್ಲಿನ ಮೊದಲ ಅಕ್ಷರ ಬಹಳ ಮಟ್ಟಿಗೆ ಊರಿನದು. ಎಚ್.ಡಿ. ದೇವೇಗೌಡರ ಎಚ್ ಎಂದರೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ. ಎಸ್.ಎಲ್. ಭೈರಪ್ಪನವರ ಎಸ್ ಎಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಅ.ನ. ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಿ, ಬಾಳಿದ್ದು ಬೆಂಗಳೂರಿನಲ್ಲಿ. ಆದರೂ ಹೆಸರಿನ ಮುಂದಿನ ‘ಅ’ ಅರಕಲಗೂಡಿನದು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಂತೂ ಅಕ್ಷರದ ಚೌಕಾಸಿ ಬಿಟ್ಟು ಇಡೀ ಊರನ್ನೇ ಹೆಸರಿಗೆ ಸೇರಿಸಿಕೊಂಡರು. ನಿಮ್ಮ ತಾತನ ಹಳೆಯ ಟಿ.ಸಿ.ಯಲ್ಲೋ ಲಗ್ನಪತ್ರಿಕೆಯಲ್ಲೋ ಈಗ ಮನೆಯಲ್ಲಿ ಯಾರೂ ಬಳಸದ ಒಂದು ಅಕ್ಷರ ಇದ್ದರೆ, ಅದು ಕುಟುಂಬ ಬಿಟ್ಟುಬಂದ ಊರಿನ ಗುರುತಾಗಿರಬಹುದು.

ಈಗ ನಕ್ಷೆಗೆ ಬರೋಣ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಎಂಬ ಅಧಿಕಾರಿ ಮೈಸೂರು ಸೀಮೆಯನ್ನು ಅಳೆಯಲು ಹೊರಟ. 1802ರಲ್ಲಿ ಮದರಾಸಿನಿಂದ ವಿಲಿಯಂ ಲ್ಯಾಂಬ್ಟನ್ ತ್ರಿಕೋನಗಳ ಲೆಕ್ಕದಲ್ಲಿ ಅಳತೆ ಶುರು ಮಾಡಿ ಮೈಸೂರನ್ನು ದಾಟಿ ಮಂಗಳೂರಿನ ಕರಾವಳಿಯವರೆಗೆ ತಂದ. ಅವರ ಕೆಲಸ ದೊಡ್ಡದು, ಆದರೆ ಅದರಲ್ಲಿ ನಮ್ಮ ಅಜ್ಜಿಯ ಮನೆ ಸಿಗುವುದಿಲ್ಲ. ಶಾಲಾ ಮಕ್ಕಳಿಗೆ ಉಪಯೋಗಕ್ಕೆ ಬರುವುದು ಅವರ ನಂತರದ ಎರಡು ಬಗೆಯ ನಕ್ಷೆ.

ಮೊದಲನೆಯದು ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟು. ಹಳೆಯವು ಒಂದು ಮೈಲಿಗೆ ಒಂದು ಇಂಚಿನ ಪ್ರಮಾಣದಲ್ಲಿವೆ, ಹೊಸವು ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರು. ಇಡೀ ದೇಶವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ಕತ್ತರಿಸಿ ಒಂದೊಂದು ಹಾಳೆಗೆ ಒಂದು ಸಂಖ್ಯೆ ಕೊಟ್ಟಿದ್ದಾರೆ. ಗೊರೂರು, ಅರಕಲಗೂಡು, ಹೊಳೆನರಸೀಪುರ ಮೂರೂ 57 ಡಿ/1 ಎಂಬ ಒಂದೇ ಹಾಳೆಯಲ್ಲಿ ಬರುತ್ತವೆ. ಚನ್ನರಾಯಪಟ್ಟಣ ಅದರ ಪೂರ್ವಕ್ಕೆ 57 ಡಿ/5ರಲ್ಲಿ. ಹಾಸನ ಪಟ್ಟಣ 13ನೆಯ ಅಕ್ಷಾಂಶದ ಗೆರೆಯ ಮೇಲೇ ಕುಳಿತಿರುವುದರಿಂದ ಎರಡು ಹಾಳೆಗಳ ನಡುವೆ ಹರಿದುಹೋಗಿದೆ; ಮೇಲಿನ ಭಾಗಕ್ಕೆ 57 ಸಿ/4 ಬೇಕು. ಜಲಾಶಯದ ಹಿನ್ನೀರು 76ನೆಯ ರೇಖಾಂಶವನ್ನೂ ದಾಟಿ ಪಶ್ಚಿಮಕ್ಕೆ ಹೋಗುವುದರಿಂದ 48 ಪಿ/13ನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಹಾಳೆ ಮುಗಿಯಿತು ಎಂದು ಊರು ಸಿಗಲಿಲ್ಲ ಎನ್ನಬಾರದು.

ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷವೂ ಅಚ್ಚಾದ ವರ್ಷವೂ ಬೇರೆ ಬೇರೆ ಇರುತ್ತವೆ. ನಮಗೆ ಬೇಕಾದದ್ದು ಸರ್ವೆಯ ವರ್ಷ. ಜಲಾಶಯ ಇಲ್ಲದ ಹಾಳೆಯೇ ಆಗಬೇಕು. ಈಗಿನ ಹಾಳೆಗಳನ್ನು 2017ರಿಂದ ಇಲಾಖೆಯೇ ಅಂತರಜಾಲದಲ್ಲಿ ಪುಕ್ಕಟೆ ಕೊಡುತ್ತಿದೆ; ಹಳೆಯ ಹಾಳೆಗೆ ಭೂಗೋಳ ವಿಭಾಗವಿರುವ ಕಾಲೇಜಿನ ಬೀರುಗಳನ್ನು ತೆರೆಸಬೇಕು, ಇಲ್ಲವೇ ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸಬೇಕು. ಮನೆಯಲ್ಲೇ ಕುಳಿತು ಶುರುಮಾಡುವವರಿಗೆ ಒಂದು ವಿಚಿತ್ರವಾದ ದಾರಿಯೂ ಇದೆ. ಅಮೆರಿಕದ ಸೇನೆಯ ನಕ್ಷೆ ವಿಭಾಗ 1950ರ ದಶಕದಲ್ಲಿ ಇಡೀ ಭಾರತದ ನಕ್ಷೆಯನ್ನು ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದಲ್ಲಿ ಅಚ್ಚುಹಾಕಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ. ಪ್ರಮಾಣ ಸಣ್ಣದು, ಊರಿನ ಹೆಸರುಗಳ ಕಾಗುಣಿತ ಇಂಗ್ಲಿಷಿನವರ ಬಾಯಿಗೆ ಸಿಕ್ಕಿ ನಜ್ಜುಗುಜ್ಜಾಗಿದೆ, ಆದರೆ ಹೇಮಾವತಿ ಅದರಲ್ಲಿ ಇನ್ನೂ ಹೊಳೆಯಾಗಿಯೇ ಇದೆ.

ಟೋಪೋಶೀಟಿನಲ್ಲಿ ನನಗೆ ಬಹಳ ಹಿಡಿಸಿದ್ದು ಸಮೋನ್ನತಿ ರೇಖೆಗಳು. ಶಾಲೆಯಲ್ಲಿ ಇವನ್ನು ಮಾರ್ಕಿಗಾಗಿ ಬಾಯಿಪಾಠ ಮಾಡಿಸುತ್ತಾರೆ, ಇಲ್ಲಿ ಅವು ನಿಜವಾದ ಕೆಲಸಕ್ಕೆ ಬರುತ್ತವೆ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಒಂದು ಇಂಚಿನ ನಕ್ಷೆಯಲ್ಲಿ ಪ್ರತಿ 50 ಅಡಿಗೆ ಒಂದು ರೇಖೆ ಇರುತ್ತದೆ. ಅಣೆಕಟ್ಟಿನಿಂದ ಮೇಲಕ್ಕೆ 2,900 ಅಡಿಯ ರೇಖೆಯನ್ನು ಬಟರ್ ಪೇಪರಿನ ಮೇಲೆ ನೀಲಿ ಪೆನ್ಸಿಲಿನಲ್ಲಿ ತಿದ್ದಿಕೊಂಡು ಹೋಗಿ. ಅದರೊಳಗೆ ಬಿದ್ದ ಊರುಗಳೆಲ್ಲ ಮುಳುಗಿದವು. 2,900 ಮತ್ತು 2,950ರ ನಡುವಿನ ಊರುಗಳು ಅನುಮಾನದವು. ಕೆಲವಕ್ಕೆ ಗದ್ದೆ ಹೋಗಿ ಮನೆ ಉಳಿದಿರುತ್ತದೆ. ಮೀಟರಿನ ನಕ್ಷೆಯಾದರೆ ಮಟ್ಟ ಹತ್ತಿರ ಹತ್ತಿರ 891 ಮೀಟರು. 880 ಮತ್ತು 900ರ ರೇಖೆಗಳ ನಡುವೆ ಅಂದಾಜು ಹಾಕಬೇಕು. ಒಂದು ಭಾನುವಾರದ ಕೆಲಸ. ಅಪ್ಪ ಅಮ್ಮ ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು.

ನಮ್ಮ ಹುಡುಗಿ ಇದನ್ನು ಮಾಡಿದಳು. ಅವಳ ಅಜ್ಜಿಯ ಊರಿನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಹೊಸಹಳ್ಳಿ ಎಂದಿಟ್ಟುಕೊಳ್ಳಿ. ಹೊಸಹಳ್ಳಿ, ಕೊಪ್ಪಲು ಎಂಬ ಹೆಸರಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ, ತೊಂದರೆಯೂ ಅದೇ. ಸಂಜೆ ಹೊತ್ತು ಇಗರ್ಜಿಯ ಗಂಟೆ ಪಡುವಲ ಕಡೆಯಿಂದ ಕೇಳಿಸುತ್ತಿತ್ತು ಎಂದು ಅಜ್ಜಿ ಹೇಳಿದ್ದರು. ಅಂದರೆ ಊರು ಶೆಟ್ಟಿಹಳ್ಳಿಯ ಮೂಡಲಿಗೆ, ಗಂಟೆ ಕೇಳುವಷ್ಟು ಹತ್ತಿರ. ಸಂತೆಗೆ ಹೋಗುವಾಗ ಹೊಳೆ ದಾಟುತ್ತಿರಲಿಲ್ಲ. ಇಷ್ಟರಿಂದ ನಕ್ಷೆಯ ಮುಕ್ಕಾಲು ಪಾಲು ಅಳಿಸಿಹೋಗಿ ಎರಡು ಊರು ಉಳಿದವು. ಆದರೆ ಎರಡರ ಹೆಸರೂ ಹೊಸಹಳ್ಳಿಯಲ್ಲ! ಹುಡುಗಿ ಮತ್ತೆ ಪತ್ರ ಬರೆದಳು.

ಇಲ್ಲಿ ಎರಡನೆಯ ಬಗೆಯ ನಕ್ಷೆ ಬೇಕಾಗುತ್ತದೆ. ಅದು ಗ್ರಾಮ ನಕ್ಷೆ. ಮೈಸೂರಿನಲ್ಲಿ ಕಂದಾಯದ ಸರ್ವೆ ಇಲಾಖೆ ಶುರುವಾದದ್ದು 1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ. ಪದ್ಧತಿ ಮುಂಬಯಿ ಸರ್ಕಾರದ್ದು. ಸರ್ವೆಯವರು ಹಿಡಿದ ಸರಪಳಿ 33 ಅಡಿ. ಏಕೆ 33 ಎಂದು ಕೇಳುವ ಮಕ್ಕಳು ಲೆಕ್ಕ ಹಾಕಿ ನೋಡಲಿ: 33 ಅಡಿ ಉದ್ದ 33 ಅಡಿ ಅಗಲ ಎಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ. ಹೀಗೆ ಪ್ರತಿ ಹೊಲವನ್ನೂ ಅಳೆದು, ಮೂಲೆಗೆ ಬಾಂದುಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು, ಒಂದು ಮೈಲಿಗೆ ಎಂಟು ಇಂಚಿನ ಪ್ರಮಾಣದಲ್ಲಿ ಪ್ರತಿ ಗ್ರಾಮಕ್ಕೂ ನಕ್ಷೆ ಬರೆದರು. ಟೋಪೋಶೀಟಿನಲ್ಲಿ ಚುಕ್ಕೆಯಾಗಿದ್ದ ಊರು ಇಲ್ಲಿ ಒಂದಿಡೀ ಹಾಳೆ. ಕೆರೆ, ಕಾಲುವೆ, ಬಂಡಿದಾರಿ, ಗೋಮಾಳ, ಗುಂಡುತೋಪು, ಬಾವಿ, ಮೂರು ಗ್ರಾಮಗಳ ಎಲ್ಲೆ ಕೂಡುವ ಜಾಗ ಎಲ್ಲವೂ ಇರುತ್ತದೆ. ರಾಜ್ಯದ ಸಾವಿರಾರು ಗ್ರಾಮಗಳ ನಕ್ಷೆಗಳನ್ನು ಭೂಮಾಪನ ಇಲಾಖೆ ತನ್ನ ಅಂತರಜಾಲ ತಾಣದಲ್ಲಿ ಇಟ್ಟಿದೆ. ಅಲ್ಲಿ ಸಿಗದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರು ಇದ್ದರೆ ಗುಮಾಸ್ತರ ಮುಖದ ಬಣ್ಣವೇ ಬೇರೆ. ‘ನಮ್ಮ ತಾತನ ಕಾಲದ ಯಾವುದಾದರೂ ಕಾಗದ ಕೊಡಿ’ ಎಂದು ಕೇಳಲು ಹೋಗಿ ಒಂದು ಕಚೇರಿಯಲ್ಲಿ ನಾನೇ ಮೂರು ಸಲ ವಾಪಸು ಬಂದಿದ್ದೇನೆ.

ಹೊಸಹಳ್ಳಿ ಸಿಗದಿದ್ದುದಕ್ಕೆ ಕಾರಣ ಇಷ್ಟೆ: ಕಂದಾಯದ ಲೆಕ್ಕದಲ್ಲಿ ಅದು ಗ್ರಾಮವೇ ಅಲ್ಲ, ಇನ್ನೊಂದು ಗ್ರಾಮದ ಮಜರೆ. ಹತ್ತಾರು ಮನೆಯ ಕೊಪ್ಪಲುಗಳಿಗೆ ಬೇರೆ ಸರ್ವೆ ನಂಬರಿನ ಸಾಲು ಇರುವುದಿಲ್ಲ, ದೊಡ್ಡ ಗ್ರಾಮದ ನಕ್ಷೆಯೊಳಗೇ ಒಂದು ಪುಟ್ಟ ಚೌಕವಾಗಿ ಇರುತ್ತವೆ. ಅಜ್ಜಿಯರು ಹೇಳುವುದು ಮಜರೆಯ ಹೆಸರು, ಕಾಗದ ಹೇಳುವುದು ಮೂಲ ಗ್ರಾಮದ ಹೆಸರು. ಎಷ್ಟೋ ಮನೆಗಳಲ್ಲಿ ಹುಡುಕಾಟ ಇಲ್ಲೇ ಕೈಬಿಟ್ಟುಹೋಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು: ದಾಖಲೆಯಲ್ಲಿ ಗ್ರಾಮ ಇದೆ, ನೆಲದ ಮೇಲೆ ಒಂದು ಮನೆಯೂ ಇಲ್ಲ. ಅಂಥದನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ಪಾರಸಿ ಮೂಲದ ಮಾತು, ದೀಪವಿಲ್ಲದ್ದು ಎಂದು ಅರ್ಥ. ‘ಪ್ಲೇಗು ಬಂದು ಊರು ಬಿಟ್ಟೆವು’ ಎಂಬ ಮಾತು ನಿಮ್ಮ ಮನೆಯಲ್ಲಿದ್ದರೆ - ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರಲ್ಲಿ - ಹತ್ತಿರದ ಬೇಚರಾಕ್ ಗ್ರಾಮಗಳ ಮೇಲೆ ಒಂದು ಕಣ್ಣಿಡಿ.

ಹೆಸರುಗಳೂ ಸ್ಥಿರವಲ್ಲ. ಚನ್ನರಾಯಪಟ್ಟಣಕ್ಕೆ ಹಿಂದೆ ಕೊಳತೂರು ಎಂಬ ಹೆಸರಿತ್ತೆಂದು ರೈಸರ ಗೆಜೆಟಿಯರು ಹೇಳುತ್ತದೆ. 1902ರಲ್ಲಿ ರೈಸ್ ಅವರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಸಕಲೇಶಪುರ ತಾಲ್ಲೂಕು ಸಿಗುವುದಿಲ್ಲ, ಮಂಜರಾಬಾದ್ ಎಂದು ನೋಡಬೇಕು. ಆ ಸಂಪುಟ ತಾಲ್ಲೂಕುವಾರಾಗಿ ಇರುವುದರಿಂದ ಯಾವ ಊರಿನಲ್ಲಿ ಯಾವ ಕಲ್ಲು ಎಲ್ಲಿ ನಿಂತಿತ್ತು ಎಂಬುದೂ ತಿಳಿಯುತ್ತದೆ. ಹಳೆಯ ಜನಗಣತಿಯ ಜಿಲ್ಲಾ ಕೈಪಿಡಿ, ಮುಖ್ಯವಾಗಿ 1961ರದು, ಗ್ರಾಮಗಳ ಪಟ್ಟಿಯನ್ನು ವಿಸ್ತೀರ್ಣ ಮತ್ತು ಜನಸಂಖ್ಯೆಯೊಡನೆ ಕೊಡುತ್ತದೆ. ಮುಳುಗುವುದಕ್ಕೆ ಮೊದಲಿನ ಪಟ್ಟಿ ಎಂಬುದೇ ಅದರ ಬೆಲೆ.

ನಕ್ಷೆಯಲ್ಲಿ ಜನ ಇರುವುದಿಲ್ಲ. ಸರ್ವೆ ನಂಬರು ಕೈಗೆ ಬಂದ ಮೇಲೆ ಜನರನ್ನು ವಹಿಗಳಲ್ಲಿ ಹುಡುಕಬೇಕು. ಆಕಾರಬಂದ್, ಐ.ಎಲ್., ಆರ್.ಆರ್. ಎಂದು ಕರೆಯುವ ಹಳೆಯ ಪುಸ್ತಕಗಳು, ಆಮೇಲಿನ ಕೈಬರಹದ ಪಹಣಿ. ಇವುಗಳಿಗಿಂತ ನನಗೆ ಪ್ರೀತಿಯ ಕಾಗದ ಎರಡು. ಒಂದು, ಯಜಮಾನ ತೀರಿಕೊಂಡಾಗ ಆಗುವ ಪೌತಿ ಖಾತೆಯ ಕಡತ. ಅದರೊಳಗೆ ಸಾಮಾನ್ಯವಾಗಿ ಒಂದು ವಂಶವೃಕ್ಷ ಇರುತ್ತದೆ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಇನ್ನೊಂದು ಹಳೆಯ ಕ್ರಯಪತ್ರದ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಅಣ್ಣನ ಭಾಗ ಎಂದು ನಾಲ್ಕು ದಿಕ್ಕು ಬರೆದಿರುತ್ತಾರಲ್ಲ, ಆ ನಾಲ್ಕು ಸಾಲಿನಲ್ಲಿ ನೆರೆಹೊರೆಯೂ ದಾಯಾದಿಗಳೂ ಸಾಲಾಗಿ ನಿಂತಿರುತ್ತಾರೆ. ಮುಳುಗಡೆಯ ಊರುಗಳಿಗೆ ಮೂರನೆಯದೊಂದು ಸೌಲಭ್ಯವಿದೆ. 1894ರ ಭೂಸ್ವಾಧೀನ ಕಾಯ್ದೆಯಂತೆ ಜಮೀನು ತೆಗೆದುಕೊಳ್ಳುವಾಗ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಣೆ ಹೊರಡಿಸಬೇಕಿತ್ತು. ಸರ್ವೆ ನಂಬರು, ಖಾತೇದಾರರ ಹೆಸರು, ವಿಸ್ತೀರ್ಣ ಅದರಲ್ಲಿ ಬರುತ್ತವೆ. ಊರನ್ನು ಮುಳುಗಿಸಿದ ಕಾಗದವೇ ಊರಿನವರ ಹೆಸರನ್ನು ಉಳಿಸಿಟ್ಟಿದೆ. ರಾಜ್ಯ ಪತ್ರಾಗಾರ ಬೆಂಗಳೂರಿನಲ್ಲಿದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿ ಇದೆ.

ತಂದೆ ತಾಯಿಯರಿಗೆ ಒಂದು ಮಾತು. ಈ ನಕ್ಷೆ, ವಹಿ ಎಲ್ಲವೂ ಕಂದಾಯಕ್ಕಾಗಿ ಹುಟ್ಟಿದವು. ಜಮೀನಿಲ್ಲದವರನ್ನು ಅವು ಕಂಡೂ ಕಾಣದಂತೆ ಹಾದುಹೋಗುತ್ತವೆ. ಊರೆಂದರೆ ನಕ್ಷೆಯಲ್ಲಿ ಒಂದು ಗ್ರಾಮಠಾಣ, ಅದರ ಕೇರಿಗಳಿಗೆ ಹೆಸರಿಲ್ಲ. ಹೆಣ್ಣುಮಕ್ಕಳ ಹೆಸರು ವಿಧವೆಯಾದ ಮೇಲೆ ಮಾತ್ರ ಬರುವುದು ಸಾಮಾನ್ಯ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ತೋಟಿ, ತಳವಾರ, ನೀರುಗಂಟಿ ಮನೆತನಗಳಿಗೆ ಚಾಕರಿಯ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ಮೇರೆಗೆ ಅವನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ ಆ ಕುಟುಂಬಗಳ ಹೆಸರುಗಳಿವೆ. ಗೇಣಿದಾರರಾಗಿದ್ದವರ ಮಕ್ಕಳು ಭೂ ನ್ಯಾಯಮಂಡಳಿಗೆ 1974ರ ನಂತರ ಕೊಟ್ಟ ನಮೂನೆ 7ರ ಅರ್ಜಿಯನ್ನು ಹುಡುಕಲಿ. ಎಷ್ಟು ವರ್ಷದಿಂದ ಯಾರು ಉಳುತ್ತಿದ್ದರೆಂದು ಅದರಲ್ಲೂ ಅದರ ವಿಚಾರಣೆಯ ಕಾಗದದಲ್ಲೂ ಇರುತ್ತದೆ. ಶೆಟ್ಟಿಹಳ್ಳಿಯ ಸುತ್ತಿನ ಕ್ರೈಸ್ತ ಕುಟುಂಬಗಳಿಗೆ ಜ್ಞಾನಸ್ನಾನ, ಮದುವೆಯ ಪುಸ್ತಕಗಳು ಬೇರೆ ದಾರಿ. ಆ ಭಾಗ 1963ರಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ, ಅದಕ್ಕೆ ಮೊದಲು ಮೈಸೂರಿಗೆ.

ಮುಳುಗದ ಊರಿನವರಿಗೂ ಹಳೆಯ ನಕ್ಷೆ ಬೇಕು. ಗೊರೂರಿನಿಂದ ಹೊರಟ ಬಲದಂಡೆ ನಾಲೆ ಅರಕಲಗೂಡಿನ ಕಡೆಗೂ ಎಡದಂಡೆ ನಾಲೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಗೂ ಹರಿದು ಹೊಲಗಳನ್ನು ಸೀಳಿವೆ. ಬಾಗೂರು ಹೋಬಳಿಯಲ್ಲಿ ಸುರಂಗವೇ ಆಯಿತು. ಈಗಿನ ನಕ್ಷೆ ನೋಡಿದರೆ ನಾಲೆಯ ಆಚೆಯ ಹಳ್ಳಿಗೂ ಈಚೆಯ ಹಳ್ಳಿಗೂ ಸಂಬಂಧವೇ ಇಲ್ಲವೆನಿಸುತ್ತದೆ. ಹಳೆಯದರಲ್ಲಿ ಅವೆರಡರ ನಡುವೆ ನೇರವಾದ ಬಂಡಿದಾರಿ ಇರುತ್ತದೆ, ನಿಮ್ಮ ಮುತ್ತಜ್ಜಿ ಮದುವೆಯಾಗಿ ಬಂದದ್ದು ಆ ದಾರಿಯಲ್ಲೇ.

ಹೊಳೆನರಸೀಪುರದ ಹುಡುಗಿಯ ಮೂರನೆಯ ಪತ್ರ ಮೊನ್ನೆ ಬಂತು. ಮೂಲ ಗ್ರಾಮದ ನಕ್ಷೆ ಸಿಕ್ಕಿದೆ. ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ನೆಲದ ಮೇಲೆ ಹಾಸಿ ಅಜ್ಜಿಯನ್ನು ಕೂರಿಸಿದ್ದಾಳೆ. ಅಜ್ಜಿಗೆ ಓದು ಬಾರದು. ಹೊಳೆಯ ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಮೇಲಕ್ಕೆ ಬಂದು, ಹೆಸರಿಲ್ಲದ ಒಂದು ಕಟ್ಟೆಯ ಗುರುತಿನ ಹತ್ತಿರ ನಿಲ್ಲಿಸಿ, “ಇದು ಮಡಿವಾಳ್ರ ಕಟ್ಟೆ, ಇದರ ಕೆಳಗ್ಲದ್ದು ನಮ್ಮ ಗದ್ದೆ” ಎಂದರಂತೆ. ಸರ್ವೆಯವರು ಬರೆಯದ ಆ ಹೆಸರನ್ನು ಹುಡುಗಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ. ಇಂಥ ಹನ್ನೆರಡು ಹೆಸರು ಆ ಸಂಜೆ ಸಿಕ್ಕವು. ಆಮೇಲೆ ಅಜ್ಜಿ ದೇವಸ್ಥಾನದ ಹಿಂದಿನ ಹುಣಸೆಮರ ಎಲ್ಲಿ ಎಂದು ಕೇಳಿದರು, ಅದು ನಕ್ಷೆಯಲ್ಲಿಲ್ಲ. ಮೇ ತಿಂಗಳಲ್ಲಿ ನೀರು ಇಳಿದಾಗ ದಂಡೆಯವರೆಗೆ ಹೋಗಿ ನೋಡಿಬರುವುದೆಂದು ಮನೆಯವರು ಮಾತಾಡಿಕೊಂಡಿದ್ದಾರೆ. ಹೂಳಿನಲ್ಲಿ ಇಳಿಯಬೇಡಿ, ಗಟ್ಟಿ ನೆಲದ ಮೇಲೆ ನಿಂತೇ ನೋಡಿ ಎಂದು ನಾನು ಉತ್ತರ ಬರೆದಿದ್ದೇನೆ.